ಕ್ಯಾಪ್ಟನ್ ಮ್ಯಾರಿಯಟ್: ನೌಕಾಪಡೆಯ ಬದುಕು ಮತ್ತು ಕಡಲ ಕಾದಂಬರಿಯ ಹುಟ್ಟು

ಹಾಯಿಹಡಗುಗಳ ಕಾಲದ ನೌಕಾಯುದ್ಧವನ್ನು ವಸ್ತುವಾಗುಳ್ಳ ಕಾದಂಬರಿಯು ಇಂಗ್ಲಿಶ್ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದು ನಿಂತಿದೆ. ಸಿ. ಎಸ್. ಫಾರೆಸ್ಟರ್ 1937ರಲ್ಲಿ ಆರಂಭಿಸಿದ ಹಾರ್ನ್‌ಬ್ಲೋವರ್ ಮಾಲೆಗೂ ಪ್ಯಾಟ್ರಿಕ್ ಓಬ್ರಿಯನ್ 1969ರಿಂದ ಬರೆಯತೊಡಗಿದ ಆಬ್ರಿ-ಮ್ಯಾಟುರಿನ್ ಮಾಲೆಗೂ ಇಂದಿಗೂ ನಿಷ್ಠಾವಂತ ಓದುಗರಿದ್ದಾರೆ. ಇವರು ಕಥೆಯನ್ನು ಓದಿ ಪುಸ್ತಕ ಮುಚ್ಚಿಡುವವರಲ್ಲ. ಹಡಗಿನಲ್ಲಿದ್ದ ಫಿರಂಗಿಗಳೆಷ್ಟು, ಕಾಳಗ ನಡೆದ ದಿನ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂಬಂಥ ವಿವರಗಳನ್ನು ಇತಿಹಾಸದ ದಾಖಲೆಗಳೊಂದಿಗೆ ತಾಳೆ ನೋಡುವವರು. ಕಾದಂಬರಿಯನ್ನು ಹೀಗೆ ದಿನಚರಿಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸಕ್ಕೆ ಎಡೆಮಾಡಿಕೊಟ್ಟವನು ಫ್ರೆಡರಿಕ್ ಮ್ಯಾರಿಯಟ್. ಅವನಿಗಿಂತ ಮೊದಲು ಕಡಲನ್ನು ಕುರಿತು ಬರೆದವರು ಇರಲಿಲ್ಲವೆಂದಲ್ಲ. ಹಡಗಿನ ವೈದ್ಯನ ಸಹಾಯಕನಾಗಿದ್ದ ಸ್ಮಾಲೆಟ್ 1748ರಲ್ಲಿಯೇ 'ರಾಡೆರಿಕ್ ರ‍್ಯಾಂಡಮ್' ಬರೆದಿದ್ದ. ಅಮೆರಿಕದ ಫೆನಿಮೋರ್ ಕೂಪರ್‌ನ 'ದಿ ಪೈಲಟ್' 1824ರಲ್ಲಿ ಹೊರಬಂದಿತ್ತು. ಆದರೆ ಇಪ್ಪತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಸ್ವತಃ ಹಡಗುಗಳ ಅಧಿಪತಿಯಾಗಿದ್ದು, ಅನಂತರ ಲೇಖನಿ ಹಿಡಿದವನು ಮ್ಯಾರಿಯಟ್. ಒಳಗಿನವನಾಗಿದ್ದುದು ಅವನಿಗೆ ವಸ್ತುವನ್ನು ಒದಗಿಸಿತು. ಒಳಗಿನವನೇ ಬಾಯಿ ತೆರೆದರೆ ತೆರಬೇಕಾದ ಬೆಲೆ ಏನೆಂಬುದನ್ನೂ ಅವನು ಬೇಗನೆ ಅರಿತನು.

ಮ್ಯಾರಿಯಟ್ ಹುಟ್ಟಿದ್ದು 1792ರ ಜುಲೈ 10ರಂದು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ. ತಂದೆ ಜೋಸೆಫ್ ಮ್ಯಾರಿಯಟ್ ದೊಡ್ಡ ವರ್ತಕ, ಪಾರ್ಲಿಮೆಂಟಿನ ಸದಸ್ಯ, ಹಡಗುವಿಮೆಯ ಕೇಂದ್ರವಾಗಿದ್ದ ಲಾಯ್ಡ್ಸ್ ಸಂಸ್ಥೆಯ ಅಧ್ಯಕ್ಷ. ಅವನ ಸಂಪತ್ತಿಗೆ ವೆಸ್ಟ್ ಇಂಡೀಸಿನ ನಂಟಿತ್ತು. ಗ್ರೆನಡಾ ದ್ವೀಪದ ಪ್ರತಿನಿಧಿಯಾಗಿದ್ದ ಆತ ಗುಲಾಮಗಿರಿಯ ನಿರ್ಮೂಲನವನ್ನು ಬಹಿರಂಗವಾಗಿ ವಿರೋಧಿಸಿದವನು. ತಾಯಿ ಷಾರ್ಲಟ್ ಅಮೆರಿಕದ ಬಾಸ್ಟನ್ನಿನವಳು. ಶಾಲೆಯಿಂದ ಹಲವು ಸಲ ತಪ್ಪಿಸಿಕೊಂಡು ಕಡಲಿಗೆ ಓಡಿಹೋಗಲು ಹವಣಿಸಿದ ಮಗನನ್ನು ಕೊನೆಗೆ ತಂದೆಯೇ ನೌಕಾಪಡೆಗೆ ಸೇರಿಸಿದ. ಅದು 1806ರ ಸೆಪ್ಟೆಂಬರ್, ಟ್ರಫಾಲ್ಗರ್ ಕಾಳಗ ನಡೆದು ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗನಿಗೆ ಹದಿನಾಲ್ಕು ವರ್ಷ.

ಅವನಿಗೆ ದೊರೆತ ಹಡಗು 'ಇಂಪೀರಿಯಸ್'. ಸ್ಪೇನಿನವರಿಂದ ವಶಪಡಿಸಿಕೊಂಡಿದ್ದ 38 ಫಿರಂಗಿಗಳ ಫ್ರಿಗೇಟ್ ಅದು. ಅದರ ಅಧಿಪತಿ ಲಾರ್ಡ್ ಥಾಮಸ್ ಕಾಕ್ರನ್. 1801ರಲ್ಲಿ 14 ಸಣ್ಣ ಫಿರಂಗಿಗಳ 'ಸ್ಪೀಡಿ' ಎಂಬ ಪುಟ್ಟ ನೌಕೆಯಿಂದ 32 ಫಿರಂಗಿಗಳ 'ಗಾಮೊ' ಎಂಬ ಸ್ಪ್ಯಾನಿಶ್ ಹಡಗನ್ನು ಹತ್ತಿ ಗೆದ್ದಿದ್ದ ಕಾಕ್ರನ್ ಆಗಲೇ ದಂತಕಥೆಯಾಗಿದ್ದ. ಫಾರೆಸ್ಟರ್ ಮತ್ತು ಓಬ್ರಿಯನ್ ಇಬ್ಬರ ನಾಯಕರಲ್ಲಿಯೂ ಈ ಕಾಕ್ರನ್ನನ ಛಾಯೆ ಇದೆ. ಓಬ್ರಿಯನ್ನನ ಮೊದಲ ಕಾದಂಬರಿ ಗಾಮೊ ಪ್ರಸಂಗವನ್ನು ಹೆಸರು ಬದಲಿಸಿ ಬಳಸಿಕೊಂಡಿದೆ. ಈ ಇಬ್ಬರೂ ಗ್ರಂಥಗಳಲ್ಲಿ ಕಂಡುಕೊಂಡ ವ್ಯಕ್ತಿಯನ್ನು ಮ್ಯಾರಿಯಟ್ ಮೂರು ವರ್ಷ ದಿನವೂ ಕಣ್ಣೆದುರು ಕಂಡಿದ್ದ.

ಆ ಮೂರು ವರ್ಷಗಳೇ ಅವನ ಸಾಹಿತ್ಯದ ಮೂಲದ್ರವ್ಯ. ಆರಂಭವೇ ಅಪಶಕುನದಂತಿತ್ತು. ಬಂದರಿನ ಅಧಿಕಾರಿಯ ಹಟದಿಂದಾಗಿ ಹಗ್ಗಹಾಯಿಗಳ ಸಜ್ಜು ಮುಗಿಯದ ಹಡಗು ನವೆಂಬರಿನ ಬಿರುಗಾಳಿಗೆ ಹೊರಬೀಳಬೇಕಾಯಿತು. ಫ್ರಾನ್ಸಿನ ಉಷಾಂಟ್ ದ್ವೀಪದ ಬಳಿ ನೆಲಕ್ಕೆ ತಗುಲಿ, ಅದೃಷ್ಟವಶಾತ್ ಪಾರಾಯಿತು. ಮೇಜಿನ ಹಿಂದೆ ಕುಳಿತವನ ಒಂದು ಆಜ್ಞೆ ನೂರಾರು ಜನರ ಪ್ರಾಣಕ್ಕೆ ಎರವಾಗಬಹುದೆಂಬ ಅರಿವು ಹುಡುಗನಿಗೆ ಮೊದಲ ಪ್ರಯಾಣದಲ್ಲಿಯೇ ಆಯಿತು. ಮುಂದೆ ಅವನ ಕಾದಂಬರಿಗಳಲ್ಲಿ ಬಂದರುಗಳ ಅಧಿಕಾರಿಗಳು ಏಕೆ ಅಷ್ಟೊಂದು ಹಾಸ್ಯಾಸ್ಪದರಾಗಿ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಇಂಪೀರಿಯಸ್‌ನಲ್ಲಿದ್ದಾಗ ಅವನು ಕಂಡ ಕಾಳಗಗಳು, ಚಕಮಕಿಗಳು ಐವತ್ತಕ್ಕೂ ಹೆಚ್ಚು. 1808ರ ಕೊನೆಯಲ್ಲಿ ಕ್ಯಾಟಲೋನಿಯದ ರೋಸಸ್ ಪಟ್ಟಣದ ಟ್ರಿನಿಡಾಡ್ ಕೋಟೆಯನ್ನು ಕಾಕ್ರನ್ ಬೆರಳೆಣಿಕೆಯ ಜನರೊಡನೆ ಫ್ರೆಂಚರಿಂದ ಕಾಪಾಡಲು ಹೋರಾಡಿದಾಗ ಮ್ಯಾರಿಯಟ್ ಅಲ್ಲಿದ್ದ. 1809ರ ಏಪ್ರಿಲ್ 11ರ ರಾತ್ರಿ ಬಾಸ್ಕ್ ರೋಡ್ಸ್ ಎಂಬಲ್ಲಿ ಲಂಗರು ಹಾಕಿದ್ದ ಫ್ರೆಂಚ್ ನೌಕಾದಳದ ಮೇಲೆ ಅಗ್ನಿನೌಕೆಗಳನ್ನು ಹರಿಯಬಿಟ್ಟಾಗಲೂ ಇದ್ದ. ಆ ರಾತ್ರಿ ಶತ್ರುವಿನ ಹಡಗುಗಳು ಬೆದರಿ ಲಂಗರಿನ ಹಗ್ಗ ಕಡಿದುಕೊಂಡು ಕೆಸರಿನಲ್ಲಿ ಹೂತುಹೋದವು. ಬೆಳಗಾದ ಮೇಲೆ ಹಿರಿಯ ಸೇನಾಧಿಪತಿ ಗ್ಯಾಂಬಿಯರ್ ಮುಂದೆ ಬರಲಿಲ್ಲ. ಕೈಗೆ ಬಂದಿದ್ದ ಪೂರ್ಣ ವಿಜಯ ಅರ್ಧಕ್ಕೇ ನಿಂತಿತು. ಇದನ್ನು ಬಹಿರಂಗವಾಗಿ ಆಕ್ಷೇಪಿಸಿದ ಕಾಕ್ರನ್ ಮೂಲೆಗುಂಪಾದ. ವಿಚಾರಣೆಗೆ ಗುರಿಯಾದ ಗ್ಯಾಂಬಿಯರ್ ನಿರ್ದೋಷಿಯೆನಿಸಿಕೊಂಡ. ಸತ್ಯ ಹೇಳಿದ ಶೂರನಿಗೆ ಸಂಸ್ಥೆ ಕೊಡುವ ಪ್ರತಿಫಲ ಯಾವುದೆಂಬುದನ್ನು ಹದಿನಾರರ ಹುಡುಗ ತನ್ನ ಗುರುವಿನಲ್ಲಿಯೇ ನೋಡಿದ.

ಮುಂದಿನ ಕೆಲವು ವರ್ಷಗಳ ಸೇವೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ವಾಲ್ಕರೆನ್ ದಂಡಯಾತ್ರೆಯಲ್ಲಿ ಜ್ವರ ತಗುಲಿತು. 1811ರಲ್ಲಿ 'ಈಯೋಲಸ್' ಹಡಗು ಬಿರುಗಾಳಿಗೆ ಸಿಕ್ಕಾಗ ಮುಖ್ಯ ಕೂವೆಮರವನ್ನೇರಿ ಅಡ್ಡತೊಲೆಯನ್ನು ಕಡಿದುಹಾಕಿ ಹಡಗನ್ನು ಉಳಿಸಿದ. 1812ರ ಡಿಸೆಂಬರಿನಲ್ಲಿ ಲೆಫ್ಟಿನೆಂಟ್, 1815ರ ಜೂನಿನಲ್ಲಿ ಕಮಾಂಡರ್ ಆದ. ನೀರಿಗೆ ಬಿದ್ದವರನ್ನು ಹಾರಿ ರಕ್ಷಿಸಿದ ಪ್ರಸಂಗಗಳು ಒಂದೆರಡಲ್ಲ. ಅದಕ್ಕಾಗಿ ರಾಯಲ್ ಹ್ಯೂಮೇನ್ ಸೊಸೈಟಿಯ ಪದಕವೂ ದೊರೆಯಿತು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ನೂರಾರು ಹಡಗುಗಳು ಸೇವೆಯಿಂದ ನಿವೃತ್ತವಾದವು; ಅಧಿಕಾರಿಗಳು ಅರ್ಧ ಸಂಬಳದ ಮೇಲೆ ದಡದಲ್ಲಿ ಕುಳಿತರು.

ಈ ಬಿಡುವಿನಲ್ಲಿ ಮ್ಯಾರಿಯಟ್ ರಚಿಸಿದ ಮೊದಲ ಕೃತಿ ಕಾದಂಬರಿಯಲ್ಲ, ಒಂದು ಸಂಕೇತಕೋಶ. 1817ರಲ್ಲಿ ಪ್ರಕಟವಾದ ಅವನ ಧ್ವಜಸಂಕೇತ ವ್ಯಾಪಾರದ ಹಡಗುಗಳಿಗಾಗಿ ರೂಪುಗೊಂಡದ್ದು. ಬಣ್ಣದ ಬಾವುಟಗಳು ಅಂಕಿಗಳನ್ನು ಸೂಚಿಸುತ್ತವೆ. ಆ ಅಂಕಿಗಳು ಗ್ರಂಥದಲ್ಲಿರುವ ಹಡಗಿನ ಹೆಸರನ್ನೋ ಬಂದರು, ದೀಪಸ್ತಂಭಗಳನ್ನೋ ಪದವನ್ನೋ ಪೂರ್ಣ ವಾಕ್ಯವನ್ನೋ ತಿಳಿಸುತ್ತವೆ. ಗ್ರಂಥ ಕೈಯಲ್ಲಿದ್ದರೆ ಇಬ್ಬರು ಅಪರಿಚಿತ ನಾವಿಕರು ಕೂಗಿದರೂ ಕೇಳಿಸದ ದೂರದಲ್ಲಿ ಮಾತನಾಡಬಹುದಿತ್ತು. ಹಲವು ದೇಶಗಳ ಹಡಗುಗಳು ಇದನ್ನು ಬಳಸಿದವು. 1857ರಲ್ಲಿ ಬ್ರಿಟನ್ನಿನ ಅಧಿಕೃತ ವಾಣಿಜ್ಯಸಂಕೇತ ಬರುವವರೆಗೂ ಇದಕ್ಕೆ ಸಾಟಿಯಿರಲಿಲ್ಲ. 1819ರಲ್ಲಿ ಅವನು ರಾಯಲ್ ಸೊಸೈಟಿಯ ಸದಸ್ಯನಾದ. ಅದೇ ವರ್ಷ ಕ್ಯಾಥರೀನ್ ಶಾರ್ಪ್ ಎಂಬವಳನ್ನು ಮದುವೆಯಾದ. ಸಂಕೇತಕೋಶ ಪ್ರಕಟವಾದ 1817ರಲ್ಲಿಯೇ ಮುಂಬಯಿಯ ಹಡಗುಕಟ್ಟೆಯಲ್ಲಿ ಜಮ್ಸೇತ್‌ಜೀ ವಾಡಿಯಾ ಮಲಬಾರಿನ ತೇಗದಿಂದ 'ಟ್ರಿಂಕೋಮಲಿ' ಎಂಬ ಬ್ರಿಟಿಷ್ ಫ್ರಿಗೇಟನ್ನು ಕಟ್ಟಿ ನೀರಿಗಿಳಿಸಿದನೆಂಬುದು ಇಲ್ಲಿ ನೆನಪಾಗುತ್ತದೆ. ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಮ್ಯಾರಿಯಟ್ ವರ್ಣಿಸುವ ಹಡಗಿನ ಅಟ್ಟಗಳು ಎಷ್ಟು ತಗ್ಗು, ಇಕ್ಕಟ್ಟು ಎಂಬುದನ್ನು ತಿಳಿಯಬಯಸುವವರು ಹೋಗಿ ನೋಡುವ ಹಡಗುಗಳಲ್ಲಿ ಪಶ್ಚಿಮ ಕರಾವಳಿಯ ಮರದಿಂದಾದ ಇದೂ ಒಂದು.

1820ರಲ್ಲಿ 'ಬೀವರ್' ಎಂಬ ಸ್ಲೂಪಿನ ಅಧಿಪತ್ಯ ದೊರೆತು, ನೆಪೋಲಿಯನ್ ಸೆರೆಯಲ್ಲಿದ್ದ ಸೇಂಟ್ ಹೆಲೆನಾ ದ್ವೀಪದ ಕಾವಲಿಗೆ ಹೋದ. 1821ರ ಮೇ 5ರಂದು ನೆಪೋಲಿಯನ್ ತೀರಿಕೊಂಡಾಗ ಮಂಚದ ಮೇಲಿನ ಆ ಮುಖವನ್ನು ಮ್ಯಾರಿಯಟ್ ರೇಖಾಚಿತ್ರವಾಗಿ ಬರೆದುಕೊಂಡ. ತನ್ನ ಬಾಲ್ಯ, ಯೌವನಗಳನ್ನೆಲ್ಲ ಯಾರ ವಿರುದ್ಧದ ಯುದ್ಧದಲ್ಲಿ ಕಳೆದನೋ ಅವನ ಅಂತ್ಯಕ್ಕೆ ಸಾಕ್ಷಿಯಾದುದು ಆಕಸ್ಮಿಕವೇ ಇರಬಹುದು. ಸಾವಿನ ವರದಿಯ ಪತ್ರಗಳನ್ನು ಇಂಗ್ಲೆಂಡಿಗೆ ಒಯ್ದವನೂ ಅವನೇ.

ಮರುವರ್ಷ, 1822ರಲ್ಲಿ, ಅವನ ಬದುಕಿನ ತಿರುವೆನ್ನಬಹುದಾದ ಘಟನೆ ನಡೆಯಿತು. ನೌಕಾಪಡೆಯ ಬಲವಂತದ ಭರ್ತಿಯನ್ನು ನಿಲ್ಲಿಸಬೇಕೆಂದು ವಾದಿಸುವ ಕಿರುಹೊತ್ತಗೆಯೊಂದನ್ನು ಅವನು ಪ್ರಕಟಿಸಿದ. ಬ್ರಿಟನ್ನಿನ ಕಡಲ ಪ್ರಭುತ್ವ ನಿಂತಿದ್ದುದೇ ಈ ಪದ್ಧತಿಯ ಮೇಲೆ. ಬಂದರಿನ ಬೀದಿಯಲ್ಲಿಯೋ ಊರಿಗೆ ಮರಳುತ್ತಿದ್ದ ವ್ಯಾಪಾರಿ ಹಡಗಿನಲ್ಲಿಯೋ ಕೈಗೆ ಸಿಕ್ಕ ನಾವಿಕರನ್ನು ಸರಕಾರದ ತಂಡಗಳು ಹಿಡಿದೊಯ್ಯುತ್ತಿದ್ದವು. ಹೆಂಡತಿ ಮಕ್ಕಳ ಮುಖ ನೋಡುವ ಅವಕಾಶವೂ ಇಲ್ಲದೆ ಅವರು ವರ್ಷಗಟ್ಟಲೆ ಯುದ್ಧನೌಕೆಗಳಲ್ಲಿ ದುಡಿಯಬೇಕಾಗುತ್ತಿತ್ತು. ಬಿಟ್ಟಿಬೇಗಾರಿಯ ಚರಿತ್ರೆಯನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕೂಲಿ ಇತ್ತು, ಬಿಡುಗಡೆ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಹೀಗೆ ಹಿಡಿತಂದವರಿಂದ ನಿಷ್ಠೆಯನ್ನು ಅಪೇಕ್ಷಿಸಲಾಗದು, ಅವರನ್ನು ಹತೋಟಿಯಲ್ಲಿಡಲು ಚಾಟಿಯೇ ಬೇಕಾಗುತ್ತದೆ ಎಂಬುದು ಕಾಳಗಗಳನ್ನು ಕಂಡ ಅಧಿಕಾರಿಯೊಬ್ಬನ ಬಾಯಿಂದ ಬಂದಾಗ ಮೇಲಿನವರಿಗೆ ಸಹನೆಯಾಗಲಿಲ್ಲ. ದೊರೆ ನಾಲ್ಕನೆಯ ವಿಲಿಯಂ ಸ್ವತಃ ನೌಕಾಪಡೆಯಲ್ಲಿದ್ದವನು. ಅವನು ಈ ಹೊತ್ತಗೆಯನ್ನು ಮರೆಯಲೇ ಇಲ್ಲ. ಧ್ವಜಸಂಕೇತಕ್ಕಾಗಿ ಫ್ರಾನ್ಸಿನ ಸರಕಾರ ಮ್ಯಾರಿಯಟ್‌ಗೆ ಲೀಜನ್ ಆಫ್ ಆನರ್ ಪ್ರಶಸ್ತಿಯನ್ನಿತ್ತಾಗ ಅದನ್ನು ಧರಿಸಲು ದೊರೆ ಅನುಮತಿ ನಿರಾಕರಿಸಿದ್ದಕ್ಕೆ ಇದೇ ಕಾರಣವೆಂದು ಅವನ ಜೀವನಚರಿತ್ರಕಾರರು ದಾಖಲಿಸಿದ್ದಾರೆ.

ಆದರೂ 1823ರಲ್ಲಿ 'ಲಾರ್ನ್' ಎಂಬ 20 ಫಿರಂಗಿಗಳ ಹಡಗಿನೊಂದಿಗೆ ಅವನನ್ನು ಭಾರತದ ಕಡಲಿಗೆ ಕಳುಹಿಸಲಾಯಿತು. ಮರುವರ್ಷ ಮೊದಲ ಬರ್ಮಾ ಯುದ್ಧ ಆರಂಭವಾಯಿತು. ಬಂಗಾಳ ಮತ್ತು ಮದರಾಸುಗಳಿಂದ ಹೊರಟ ಸೈನ್ಯ ಅಂಡಮಾನಿನ ಪೋರ್ಟ್ ಕಾರ್ನ್‌ವಾಲಿಸಿನಲ್ಲಿ ಸೇರಿ, 1824ರ ಮೇ 11ರಂದು ರಂಗೂನನ್ನು ಹಿಡಿಯಿತು. ಹಿಡಿದದ್ದು ಬರಿದಾದ ಪಟ್ಟಣ. ಜನ, ಜಾನುವಾರು, ದವಸ ಒಂದನ್ನೂ ಉಳಿಸದೆ ಬರ್ಮೀಯರು ಕಾಡಿಗೆ ಸರಿದಿದ್ದರು. ಬೆನ್ನಿಗೇ ಮಳೆಗಾಲ. ಉಪ್ಪುಹಾಕಿದ ಮಾಂಸ, ಹುಳುಹಿಡಿದ ಬಿಸ್ಕತ್ತು ಬಿಟ್ಟರೆ ತಿನ್ನಲು ಬೇರೇನೂ ಇಲ್ಲದ ಸೈನ್ಯವನ್ನು ಜ್ವರ, ಆಮಶಂಕೆ, ಸ್ಕರ್ವಿಗಳು ಮುತ್ತಿದವು. ಇಡೀ ಯುದ್ಧದಲ್ಲಿ ಬ್ರಿಟಿಷರ ಪಕ್ಷದಲ್ಲಿ ಸತ್ತವರ ಸಂಖ್ಯೆ ಸುಮಾರು 15,000. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಶತ್ರುವಲ್ಲ, ರೋಗ. ಹಿರಿಯ ನೌಕಾಧಿಕಾರಿ ಗ್ರಾಂಟ್ ಕಾಯಿಲೆಯಿಂದ ತೀರಿಕೊಂಡ ಮೇಲೆ ನೌಕಾದಳದ ಹೊಣೆ ಮ್ಯಾರಿಯಟ್‌ನ ಹೆಗಲಿಗೆ ಬಿತ್ತು. ಅವನ ಹಡಗಿನಲ್ಲಿ ಎದ್ದು ನಿಲ್ಲಬಲ್ಲವರೇ ವಿರಳವಾಗಿದ್ದರು.

ಇರಾವತಿಯ ಪ್ರವಾಹದಲ್ಲಿ ಹಾಯಿಹಡಗಿಗೆ ಚಲನೆಯೇ ಇಲ್ಲ. ಬರ್ಮೀಯರ ಉದ್ದನೆಯ ಯುದ್ಧದೋಣಿಗಳು ಹತ್ತಾರು ಹುಟ್ಟುಗಳ ಬಲದಿಂದ ಬಾಣದಂತೆ ಸಾಗುತ್ತಿದ್ದವು. ಈ ಸಂದರ್ಭದಲ್ಲಿ, 1823ರಲ್ಲಿ ಕಲ್ಕತ್ತೆಯ ಖಿದಿರ್‌ಪುರದಲ್ಲಿ ನಿರ್ಮಿತವಾಗಿದ್ದ 'ಡಯಾನಾ' ಎಂಬ ಪುಟ್ಟ ಆವಿಹಡಗನ್ನು ಯುದ್ಧಕ್ಕೆ ತೊಡಗಿಸಬೇಕೆಂದು ಒತ್ತಾಯಿಸಿದವರಲ್ಲಿ ಮ್ಯಾರಿಯಟ್ ಪ್ರಮುಖ. ಗಾಳಿಯ ಹಂಗಿಲ್ಲದೆ, ಹೊಳೆಗೆ ಎದುರಾಗಿ, ಹೊಗೆಯುಗುಳುತ್ತ ಬರುವ ಹಡಗು ಹುಟ್ಟುಹಾಕುವವರನ್ನು ದಣಿಸಿಯೇ ಸೋಲಿಸಿತು. ಯುದ್ಧದಲ್ಲಿ ಬಳಕೆಯಾದ ಮೊಟ್ಟಮೊದಲ ಆವಿಹಡಗುಗಳಲ್ಲಿ ಇದೊಂದು. ಹಾಯಿಹಡಗಿನ ಮಹಾಕಥನಕಾರನೆಂದು ಮುಂದೆ ಹೆಸರಾದವನೇ ಅದರ ಅಂತ್ಯವನ್ನು ಸಾರಿದ ಯಂತ್ರವನ್ನು ಕೈಬೀಸಿ ಕರೆದನೆಂಬುದು ಅವನ ವಿಮರ್ಶಕರು ಸಾಕಷ್ಟು ಗಮನಿಸದ ಸಂಗತಿ. ಅವನ ಕಾದಂಬರಿಗಳನ್ನು ಹಳೆಯದರ ಹಂಬಲವೆಂದು ಓದುವವರಿಗೆ ಇದು ತೊಡಕಾಗಬೇಕು. ಅವನಿಗೆ ಹಡಗು ಆರಾಧನೆಯ ವಸ್ತುವಾಗಿರಲಿಲ್ಲ. ಕೆಲಸಕ್ಕೆ ಬರುವ, ಬಾರದಿದ್ದರೆ ಬದಲಿಸಬೇಕಾದ ಸಾಧನವಾಗಿತ್ತು. 1825ರಲ್ಲಿ ಬಸ್ಸೇನ್ ಕಡೆಗಿನ ಕಾರ್ಯಾಚರಣೆಯಲ್ಲಿ ಭಾಗಿಯಾಗಿ, ಕ್ಯಾಪ್ಟನ್ ಪದವಿಗೇರಿ, 1826ರಲ್ಲಿ ಸ್ವದೇಶಕ್ಕೆ ಮರಳಿದ. ಬರ್ಮಾದಿಂದ ತಂದ ಬುದ್ಧವಿಗ್ರಹವೊಂದನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟ. ವಸಾಹತು ಯುದ್ಧಗಳಿಂದ ಮರಳಿದ ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಇಂಥವು ಇರುವುದು ಆಗ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ.

1829ರಲ್ಲಿ, 'ಏರಿಯಾಡ್ನಿ' ಹಡಗಿನ ಅಧಿಪತಿಯಾಗಿ ಅಟ್ಲಾಂಟಿಕ್‌ನಲ್ಲಿದ್ದಾಗಲೇ, ಅವನ ಮೊದಲ ಕಾದಂಬರಿ 'ದಿ ನೇವಲ್ ಆಫೀಸರ್' (ಫ್ರ್ಯಾಂಕ್ ಮೈಲ್ಡ್‌ಮೇ) ಹೊರಬಂದಿತು. ರೋಸಸ್ ಕೋಟೆ, ಬಾಸ್ಕ್ ರೋಡ್ಸ್, ವಾಲ್ಕರೆನ್ ಎಲ್ಲವೂ ಅದರಲ್ಲಿವೆ. ನಾಯಕನ ಸಾಹಸಗಳು ಲೇಖಕನವೇ ಆದ್ದರಿಂದ ನಾಯಕನ ದುರ್ನಡತೆಯೂ ಲೇಖಕನದೇ ಎಂದು ಓದುಗರು ತೀರ್ಮಾನಿಸಿಬಿಟ್ಟರು. ಇದರಿಂದ ನೊಂದ ಮ್ಯಾರಿಯಟ್ ಅನಂತರದ ಕಾದಂಬರಿಗಳಲ್ಲಿ ಆತ್ಮಕಥನದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತ. 1830ರ ನವೆಂಬರಿನಲ್ಲಿ ಸೇವೆಯಿಂದ ಬಿಡುಗಡೆ ಪಡೆದ. ಅದೇ ವರ್ಷದ 'ದಿ ಕಿಂಗ್ಸ್ ಓನ್' 1797ರ ನೋರ್ ಬಂಡಾಯದಿಂದ ಆರಂಭವಾಗುತ್ತದೆ. ಬಂಡಾಯಗಾರನೊಬ್ಬ ಘನತೆಯಿಂದ ನೇಣಿಗೇರುತ್ತಾನೆ. ಅವನ ಮಗ ದೊರೆಯ ಮುದ್ರೆ ಹೊತ್ತು ಅದೇ ಪಡೆಯಲ್ಲಿ ಬೆಳೆಯುತ್ತಾನೆ. 1832ರ 'ನ್ಯೂಟನ್ ಫಾರ್ಸ್ಟರ್'ನಲ್ಲಿ ನಾಯಕನೇ ಬಲವಂತದ ಭರ್ತಿಗೆ ಸಿಕ್ಕುತ್ತಾನೆ. ಕಿರುಹೊತ್ತಗೆಯಲ್ಲಿ ಹೇಳಿ ದೊರೆಯ ಅವಕೃಪೆಗೆ ಗುರಿಯಾದ ಮಾತನ್ನು ಕಾದಂಬರಿಯಲ್ಲಿ ಹೇಳಿದಾಗ ಅದೇ ಸಮಾಜ ಕೊಂಡು ಓದಿತು. ವಾದಕ್ಕೆ ಮುಚ್ಚಿದ ಬಾಗಿಲು ಕಥನಕ್ಕೆ ತೆರೆಯುತ್ತದೆಂಬುದನ್ನು ಮ್ಯಾರಿಯಟ್ ಸಿದ್ಧಾಂತವಾಗಿ ಎಲ್ಲಿಯೂ ಮಂಡಿಸಿಲ್ಲ. ಆದರೆ ಅವನ ಬರವಣಿಗೆಯ ದಾರಿ ಇದನ್ನೇ ತೋರಿಸುತ್ತದೆ.

1832ರಿಂದ ಮೂರು ವರ್ಷ ಅವನು 'ಮೆಟ್ರೊಪಾಲಿಟನ್' ಮಾಸಪತ್ರಿಕೆಯ ಸಂಪಾದಕನಾಗಿದ್ದ. ಅದರಲ್ಲಿ ಧಾರಾವಾಹಿಯಾಗಿ ಬಂದು 1834ರಲ್ಲಿ ಪುಸ್ತಕರೂಪ ತಳೆದ 'ಪೀಟರ್ ಸಿಂಪಲ್' ಅವನ ಅತ್ಯುತ್ತಮ ಕೃತಿ ಎನ್ನಬಹುದು. ಕಾಕ್ರನ್ ಇಲ್ಲಿ ಕ್ಯಾಪ್ಟನ್ ಸ್ಯಾವೇಜ್ ಎಂಬ ಹೆಸರಿನಲ್ಲಿ ಬರುತ್ತಾನೆ. ಅಪ್ಪಟ ಸಭ್ಯ ಭಾಷೆಯಲ್ಲಿ ಮಾತು ಆರಂಭಿಸಿ ವಾಕ್ಯ ಮುಗಿಯುವಷ್ಟರಲ್ಲಿ ಬೈಗುಳಕ್ಕಿಳಿಯುವ ಚಕ್ಸ್, ಸುಳ್ಳು ಹೇಳದೆ ಉಸಿರಾಡಲಾರದ ಕ್ಯಾಪ್ಟನ್ ಕಿಯರ್ನಿ ಇಂಥ ಪಾತ್ರಗಳು ಕೆಳಗಿನ ಅಟ್ಟದಿಂದ ನೇರವಾಗಿ ಎದ್ದುಬಂದವು. ಇದೇ ಕೃತಿಯಲ್ಲಿ ಬಿರುಗಾಳಿ ಹಡಗನ್ನು ಬಂಡೆಗಳ ದಡದತ್ತ ನೂಕುವ ಪ್ರಸಂಗ ಬರುತ್ತದೆ. ಮೂತಿಯನ್ನು ಗಾಳಿಗೆ ತಿರುಗಿಸದೆ ಗತಿಯಿಲ್ಲ, ತಿರುಗಿಸಲು ಜಾಗವಿಲ್ಲ. ಆಗ ಲಂಗರನ್ನು ಇಳಿಬಿಟ್ಟು, ಅದರ ಎಳೆತಕ್ಕೆ ಹಡಗು ಗಿರ್ರನೆ ತಿರುಗಿದ ಕ್ಷಣದಲ್ಲಿಯೇ ಹಗ್ಗವನ್ನು ಕಡಿದು, ಲಂಗರನ್ನು ಕಳೆದುಕೊಂಡು ಪ್ರಾಣ ಉಳಿಸಿಕೊಳ್ಳುತ್ತಾರೆ. ತಾಂತ್ರಿಕ ಪದಗಳು ಓದುಗನಿಗೆ ತಿಳಿಯದಿದ್ದರೂ ಉಸಿರು ಬಿಗಿಹಿಡಿಯುವುದು ತಪ್ಪುವುದಿಲ್ಲ. ಮುಂದಿನ ನೌಕಾಕಾದಂಬರಿಗಳೆಲ್ಲ ಅನುಸರಿಸಿದ ಕ್ರಮ ಇದು: ಕೆಲಸದ ಭಾಷೆಯನ್ನು ಕೆಲಸದ ಭಾಷೆಯಾಗಿಯೇ ಉಳಿಸಿ, ಅರ್ಥವನ್ನು ಸನ್ನಿವೇಶದ ಒತ್ತಡಕ್ಕೆ ಬಿಡುವುದು. ಜೋಸೆಫ್ ಕಾನ್ರಾಡ್ 1898ರಲ್ಲಿ ಮ್ಯಾರಿಯಟ್‌ನನ್ನು ಕುರಿತು ಪ್ರೀತಿಯಿಂದ ಬರೆದಾಗ, ಕಡಲಿಗಿಂತ ಹೆಚ್ಚಾಗಿ ಸೇವೆಯೇ ಅವನ ವಸ್ತುವೆಂದು ಗುರುತಿಸಿದ್ದು ಸರಿಯಾಗಿಯೇ ಇದೆ.

1836ರ 'ಮಿಸ್ಟರ್ ಮಿಡ್‌ಶಿಪ್‌ಮನ್ ಈಸಿ' ಹೆಚ್ಚು ಜನಪ್ರಿಯ, ಹೆಚ್ಚು ಸಮಸ್ಯಾತ್ಮಕ. ಮನುಷ್ಯರೆಲ್ಲ ಸಮಾನರೆಂದು ನಂಬಿದ ತಂದೆಯಿಂದ ಪಾಠ ಕಲಿತ ಜಾಕ್ ಈಸಿ ಆ ತತ್ತ್ವವನ್ನು ಹಡಗಿಗೆ ಹೊತ್ತು ತರುತ್ತಾನೆ. ಹಡಗು ಅವನಿಗೆ ಬೇರೆ ಪಾಠ ಕಲಿಸುತ್ತದೆ. ಅವನ ಜೊತೆಗಾರ ಮೆಸ್ಟಿ ಆಫ್ರಿಕದ ಅಶಾಂಟಿ ಕುಲದ ರಾಜಕುಮಾರ. ಗುಲಾಮನಾಗಿ ಅಮೆರಿಕಕ್ಕೆ ಮಾರಾಟವಾಗಿ, ತಪ್ಪಿಸಿಕೊಂಡು ಬ್ರಿಟಿಷ್ ಹಡಗು ಸೇರಿದವನು. ಅಲ್ಲಿ ಅವನಿಗೆ ದೊರೆತ ಕೆಲಸ ಹುಡುಗರಿಗಾಗಿ ನೀರು ಕಾಯಿಸುವುದು. ಸಮಾನತೆಯ ಮಾತನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವನು ಅವನೊಬ್ಬನೇ. ಧೈರ್ಯ, ಬುದ್ಧಿ, ನಿಷ್ಠೆಗಳಲ್ಲಿ ಹಡಗಿನ ಯಾವ ಬಿಳಿಯನಿಗೂ ಅವನು ಕಡಿಮೆಯಿಲ್ಲ. ಆದರೆ ಸಣ್ಣದೊಂದು ಅಧಿಕಾರ ಕೈಗೆ ಬಂದೊಡನೆ ಮೆಸ್ಟಿಯೂ ಸಮಾನತೆಯನ್ನು ಕೈಬಿಡುವಂತೆ ಮಾಡಿ ಮ್ಯಾರಿಯಟ್ ಓದುಗನನ್ನು ನಗಿಸುತ್ತಾನೆ. ಗುಲಾಮರ ದುಡಿಮೆಯ ಮೇಲೆ ನಿಂತ ಮನೆಯಲ್ಲಿ ಹುಟ್ಟಿದವನು, 1833ರ ಗುಲಾಮಗಿರಿ ನಿರ್ಮೂಲನ ಶಾಸನ ಬಂದ ಮೂರೇ ವರ್ಷಕ್ಕೆ, ಕಪ್ಪು ರಾಜಕುಮಾರನನ್ನು ಇಷ್ಟು ಎತ್ತರಕ್ಕೆ ಏರಿಸಿ ಹೀಗೆ ಇಳಿಸಿದ್ದು ಗಮನಾರ್ಹ. ಬಲವಂತದ ಭರ್ತಿಯ ವಿಷಯದಲ್ಲಿ ದೊರೆಯನ್ನು ಎದುರುಹಾಕಿಕೊಂಡ ಲೇಖನಿ ಮನೆತನದ ಹಣದ ಮೂಲ ಬಂದಾಗ ನಗೆಯ ಹಿಂದೆ ಅಡಗಿತು. ಬಿಳಿಯ ನಾವಿಕನ ಸ್ವಾತಂತ್ರ್ಯದ ಬಗೆಗೆ ಅವನಿಗಿದ್ದ ಸ್ಪಷ್ಟತೆ ಕಪ್ಪು ಗುಲಾಮನವರೆಗೆ ವಿಸ್ತರಿಸಲಿಲ್ಲ. ಮೆಸ್ಟಿಯಂಥ ಪಾತ್ರ ಹುಟ್ಟಿದ್ದು, ಲೇಖಕನ ಅಭಿಪ್ರಾಯವನ್ನು ಮೀರಿ ಅವನ ಕಡಲಿನ ಅನುಭವ ಮಾತನಾಡಿದ್ದರಿಂದ.

1837ರಿಂದ ಎರಡು ವರ್ಷ ಅಮೆರಿಕ, ಕೆನಡಾಗಳಲ್ಲಿ ಸುತ್ತಿದ. ಕೆನಡಾದ ಬಂಡಾಯವನ್ನಡಗಿಸಿದ ಬ್ರಿಟಿಷ್ ಪಡೆಯೊಡನೆ ಸೇರಿದ. ಡೆಟ್ರಾಯಿಟ್‌ನಲ್ಲಿ ಜನ ಅವನ ಪ್ರತಿಕೃತಿಯನ್ನು ಸುಟ್ಟರು. ದಾಂಪತ್ಯ ಮುರಿಯಿತು. ಹನ್ನೊಂದು ಮಕ್ಕಳ ತಂದೆಯಾಗಿದ್ದವನು ಈಗ ಮಕ್ಕಳಿಗಾಗಿ ಬರೆಯತೊಡಗಿದ. 'ಸ್ವಿಸ್ ಫ್ಯಾಮಿಲಿ ರಾಬಿನ್ಸನ್'ಗೆ ಮುಂದಿನ ಭಾಗ ಬರೆಯೆಂದು ಮಕ್ಕಳು ಕೇಳಿದಾಗ ಅದರಲ್ಲಿನ ನೌಕಾವಿವರಗಳ ತಪ್ಪುಗಳನ್ನು ಸಹಿಸಲಾರದೆ ತಾನೇ ಬೇರೊಂದು ಕಥೆ ಹೆಣೆದ. ಅದೇ 1841ರ 'ಮಾಸ್ಟರ್‌ಮನ್ ರೆಡಿ'. 1843ರಲ್ಲಿ ನಾರ್ಫಕ್‌ನ ಲ್ಯಾಂಗಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿ, ಬೇಸಾಯಕ್ಕೆ ಕೈಹಾಕಿ ಹಣ ಕಳೆದುಕೊಂಡ. 1847ರಲ್ಲಿ ಮತ್ತೆ ಕಡಲಸೇವೆಗೆ ಸೇರಿಸಿಕೊಳ್ಳಬೇಕೆಂದು ಅವನು ಸಲ್ಲಿಸಿದ ಕೋರಿಕೆಯನ್ನು ನೌಕಾ ಇಲಾಖೆ ತಿರಸ್ಕರಿಸಿತು. ಆಗಿನಿಂದ ರಕ್ತಸ್ರಾವದ ಕಾಯಿಲೆ ಅವನನ್ನು ಹಾಸಿಗೆಗೆ ಕೆಡವಿತು. ಅದೇ ವರ್ಷದ ಡಿಸೆಂಬರ್ 20ರಂದು 'ಅವೆಂಜರ್' ಎಂಬ ಆವಿಫ್ರಿಗೇಟ್ ಆಫ್ರಿಕದ ಉತ್ತರ ಕರಾವಳಿಯಾಚೆ ಬಂಡೆಗೆ ಬಡಿದು ಮುಳುಗಿತು. ಅದರಲ್ಲಿ ಲೆಫ್ಟಿನೆಂಟನಾಗಿದ್ದ ಹಿರಿಯ ಮಗ ಫ್ರೆಡರಿಕ್ ಸತ್ತ. ಮ್ಯಾರಿಯಟ್ 1848ರ ಆಗಸ್ಟ್ 9ರಂದು ಲ್ಯಾಂಗಮ್‌ನಲ್ಲಿ ತೀರಿಕೊಂಡ.

ಮಗಳು ಫ್ಲಾರೆನ್ಸ್ ಮ್ಯಾರಿಯಟ್ ಮುಂದೆ ತಾನೇ ಕಾದಂಬರಿಕಾರ್ತಿಯಾದಳು. ಮದರಾಸು ಸೈನ್ಯದ ಅಧಿಕಾರಿಯನ್ನು ಮದುವೆಯಾಗಿ ದಕ್ಷಿಣ ಭಾರತದಲ್ಲಿ ಕೆಲವು ವರ್ಷ ಬದುಕಿದ ಆಕೆ, ಇಲ್ಲಿನ ಬ್ರಿಟಿಷರ ಜೀವನವನ್ನು ಕುರಿತ ಲಘುಚಿತ್ರಗಳನ್ನು 1868ರಲ್ಲಿ 'ಗಪ್' ಎಂಬ ಹೆಸರಿನಲ್ಲಿ ಪ್ರಕಟಿಸಿದಳು; ಕನ್ನಡದ 'ಗಪ್ಪಾ ಹೊಡೆಯುವುದು' ಎಂಬ ಬಳಕೆಯಲ್ಲಿರುವ ಪದವೇ ಅದು. 1872ರಲ್ಲಿ ಆಕೆ ಎರಡು ಸಂಪುಟಗಳಲ್ಲಿ ಹೊರತಂದ ತಂದೆಯ ಜೀವನಚರಿತ್ರೆಯಲ್ಲಿ, ಹದಿನಾಲ್ಕರ ಹುಡುಗನಾಗಿ ಇಂಪೀರಿಯಸ್ ಹಡಗನ್ನೇರಿದ ಮ್ಯಾರಿಯಟ್ ಬರೆದಿಟ್ಟಿದ್ದ ಖಾಸಗಿ ದಿನಚರಿಯ ಭಾಗಗಳು ಸೇರಿವೆ. ನೌಕಾ ಇಲಾಖೆಯ ಅಧಿಕೃತ ದಾಖಲೆಗಳನ್ನೂ ಕಾದಂಬರಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರಿಗೆ ಇಂದಿಗೂ ಒದಗಿಬರುವ ಮೂರನೆಯ ಆಕರ ಅದೇ.